ಪಿವಟ್ ಟೇಬಲ್ ಕಲಿಯೋಕೆ ಎಕ್ಸೆಲ್ಲೋ, ಗೂಗಲ್ ಶೀಟ್ಸೋ, ಲಿಬ್ರೆಆಫೀಸೋ? ಅಡಿಕೆ ರೇಟ್ ಹಾಕಿ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಬರೀ ಪಿವಟ್ ಟೇಬಲ್ (ಉದ್ದದ ಡಾಟಾನ ಊರುವಾರು, ತಿಂಗಳುವಾರು ಅಂತ ಕೂಡಿಸಿ ತೋರಿಸೋ ಕೋಷ್ಟಕ) ಕಲಿಯೋಕೆ ಅಂತ ಯಾವ ಕೋರ್ಸಿಗೂ ದುಡ್ಡು ಕೊಡ್ಬೇಡಿ. ಫೀಲ್ಡ್ (ಅಂದ್ರೆ ಡಾಟಾದ ಒಂದು ಕಾಲಮ್) ಎಳೆದು ರೋಸ್, ಕಾಲಮ್ಸ್, ವ್ಯಾಲ್ಯೂಸ್, ಫಿಲ್ಟರ್ಸ್ ಅನ್ನೋ ನಾಲ್ಕು ಬಾಕ್ಸಲ್ಲಿ ಬಿಡೋದು ಅರ್ಧ ಗಂಟೆ ಕೆಲಸ, ಅದನ್ನ ಯಾರೂ ಹೇಳ್ಕೊಡೋದೇ ಬೇಡ. ಪೇಚಾಟ ಇರೋದು ಡಾಟಾ ಹೆಂಗೆ ಜೋಡಿಸಿದೀರಿ ಅನ್ನೋದ್ರಲ್ಲಿ, ಆಮೇಲೆ ಬಂದ ನಂಬರ್ ನಿಜವಾಗ್ಲೂ ಏನು ಹೇಳ್ತಿದೆ ಅನ್ನೋದ್ರಲ್ಲಿ. ನಾನು ನೋಡಿದ ಎಷ್ಟೋ ಆನ್‌ಲೈನ್ ಪಾಠಗಳು ಇವೆರಡನ್ನೂ ಬಿಟ್ಟು ಶಾರ್ಟ್‌ಕಟ್ಟು, ಬಣ್ಣ, ಸ್ಲೈಸರ್ರು (ಒತ್ತಿ ಫಿಲ್ಟರ್ ಮಾಡೋ ಬಟನ್ನು) ಅಂತಲೇ ಮುಗಿಸ್ತವೆ.

ಕಲಿಯೋಕೆ ನಾನು ಇಟ್ಕೊಂಡಿದ್ದು ಅಡಿಕೆ ಮಾರುಕಟ್ಟೆ ಡಾಟಾ. ದಿನಾಂಕ, ಮಾರುಕಟ್ಟೆ, ಬಗೆ, ಆವಕ (ಮಾರುಕಟ್ಟೆಗೆ ಬಂದ ಮಾಲು), ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ (ಹೆಚ್ಚಿನ ಮಾಲು ಹೋದ ದರ). ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ, ಒಂದೊಂದು ಕಡೆ ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಬೇರೆ ಬೇರೆ ಬಗೆ. ಮಾದರಿ ಫೈಲಲ್ಲಿ ಬರೋ ಸೇಲ್ಸ್‌ಮ್ಯಾನು, ರೀಜನ್ನು ಇಟ್ಕೊಂಡು ಕಲಿತ್ರೆ ಉತ್ತರ ಸರಿನಾ ತಪ್ಪಾ ಅಂತಲೇ ಗೊತ್ತಾಗಲ್ಲ, ಗೊತ್ತಿರೋ ಡಾಟಾ ಆದ್ರೆ ತಪ್ಪು ಬಂದ ತಕ್ಷಣ ಕಣ್ಣಿಗೆ ಹೊಡಿಯತ್ತೆ, ಅದಕ್ಕೆ ನಿಮ್ಮ ಊರಿನದೋ ನಿಮ್ಮ ಅಂಗಡಿದೋ ಇಟ್ಕೊಳಿ.

ಮೊದ್ಲ ಪಾಠ ಅಂದ್ರೆ ಜೋಡಣೆ. ಜನ ಸಾಮಾನ್ಯವಾಗಿ ಏಪ್ರಿಲ್‌ಗೆ ಒಂದು ಕಾಲಮ್, ಮೇಗೆ ಒಂದು ಕಾಲಮ್ ಅಂತ ಅಡ್ಡಡ್ಡ ಬರ್ಕೊಂಡಿರ್ತಾರೆ, ಮಧ್ಯೆ ಒಂದು ಒಟ್ಟು ಸಾಲು, ಹೆಡಿಂಗ್ ಎಲ್ಲ ಮರ್ಜ್ ಮಾಡಿದ ಸೆಲ್ಲು. ಇದನ್ನ ಪಿವಟ್‌ಗೆ ಕೊಟ್ರೆ ಹನ್ನೆರಡು ತಿಂಗಳು ಹನ್ನೆರಡು ಬೇರೆ ಫೀಲ್ಡಾಗಿ ಕೂತ್ಕೊಳ್ಳತ್ತೆ, ಏನೂ ಮಾಡೋಕಾಗಲ್ಲ. ಒಂದು ವಹಿವಾಟಿಗೆ ಒಂದೇ ಸಾಲು, ಒಂದು ಕಾಲಮಲ್ಲಿ ಒಂದೇ ಥರದ ವಿಷಯ, ಅಷ್ಟೇ. ಈಗಾಗ್ಲೇ ಅಡ್ಡ ಇದ್ರೆ ಎಕ್ಸೆಲ್‌ನ ಪವರ್ ಕ್ವೆರಿಯಲ್ಲಿ (ಡಾಟಾ ತಂದು ಸರಿಪಡಿಸೋ ಭಾಗ) ಅನ್‌ಪಿವಟ್ ಕಾಲಮ್ಸ್ ಅಂತ ಇದೆ, ಅಡ್ಡ ಇರೋ ಕಾಲಮ್‌ಗಳನ್ನ ಸಾಲುಗಳಾಗಿ ಮಾಡತ್ತೆ, ಅದೊಂದು ಬಟನ್ನಿಗೇ ಎಕ್ಸೆಲ್‌ಗೆ ಒಂದು ಸ್ಟಾರ್ ಜಾಸ್ತಿ ಕೊಡ್ತೀನಿ.

ಪಿವಟ್‌ನ ಮೊದ್ಲ ಉಪಯೋಗ ನನ್ನ ಪ್ರಕಾರ ರಿಪೋರ್ಟೂ ಅಲ್ಲ, ಕೊಳೆ ಹಿಡಿಯೋದು. ಮಾರುಕಟ್ಟೆ ಹೆಸರನ್ನ ರೋಸ್‌ಗೆ ಹಾಕಿ ಬಿಡಿ ಸಾಕು, ಶಿರಸಿ, ಸಿರ್ಸಿ, ಶಿರ್ಸಿ ಮೂರೂ ಬೇರೆ ಬೇರೆ ಊರಾಗಿ ಸಾಲಾಗಿ ನಿಂತ್ಕೊಳ್ತವೆ. ದರದ ಕಾಲಮಲ್ಲಿ ಯಾರಾದ್ರೂ ಡ್ಯಾಶೋ ಇಲ್ಲ ಅಂತನೋ ಟೈಪ್ ಮಾಡಿದ್ರೆ ಎಕ್ಸೆಲ್ ಸಮ್ (ಮೊತ್ತ) ಬದ್ಲು ಕೌಂಟ್ (ಎಣಿಕೆ) ತೋರಿಸತ್ತೆ, ಸುಮ್ನೆ ಸಮ್‌ಗೆ ಬದಲಾಯಿಸಿ ಮುಂದೆ ಹೋಗ್ಬೇಡಿ, ಯಾಕೆ ಕೌಂಟ್ ಬಂತು ಅಂತ ಹುಡುಕಿ. ದಿನಾಂಕನೂ ಹಂಗೇ. ನಮ್ಮ ದಿನ-ತಿಂಗಳು-ವರ್ಷದ ಸಿಎಸ್‌ವಿ ಫೈಲನ್ನ (ಕಾಮಾ ಹಾಕಿದ ಬರೀ ಅಕ್ಷರದ ಫೈಲು) ಅಮೆರಿಕನ್ ಸೆಟ್ಟಿಂಗ್ ಇರೋ ಕಂಪ್ಯೂಟರಲ್ಲಿ ತೆಗೆದ್ರೆ 13ನೇ ತಾರೀಕಿನಿಂದ ಮುಂದಿನದೆಲ್ಲ ಬರೀ ಅಕ್ಷರ ಆಗಿ ಉಳಿಯತ್ತೆ, ಅದಕ್ಕಿಂತ ಹಿಂದಿನದು ತಿಂಗಳು ದಿನ ಅದಲು ಬದಲಾಗಿ ಕೂರತ್ತೆ, ಆಮೇಲೆ ತಿಂಗಳುವಾರು ಗ್ರೂಪ್ ಮಾಡಿ ಅಂದ್ರೆ ಆಗಲ್ಲ ಅನ್ನತ್ತೆ.

ಇನ್ನು ಬಹಳ ಜನ ಎಡವೋ ಜಾಗ ಸರಾಸರಿ. ಉದಾಹರಣೆಗೆ ಒಂದು ದಿನ 10 ಕ್ವಿಂಟಲ್ 50,000 ರೂಪಾಯಿಗೆ ಹೋಯ್ತು, ಮಾರನೇ ದಿನ 200 ಕ್ವಿಂಟಲ್ 46,000ಕ್ಕೆ ಹೋಯ್ತು ಅನ್ಕೊಳಿ. ಪಿವಟ್‌ನಲ್ಲಿ ಆವರೇಜ್ ಒತ್ತಿದ್ರೆ 48,000 ಅನ್ನತ್ತೆ, ಆ ರೇಟಲ್ಲಿ ಮಾರಿದೋರು ಯಾರೂ ಇಲ್ಲ! ತೂಕದ ಲೆಕ್ಕ ಹಿಡಿದ್ರೆ 46,190. ಸರಿಯಾದ ದಾರಿ ಅಂದ್ರೆ ಮೂಲ ಶೀಟಲ್ಲೇ ಆವಕ ಗುಣಿಸು ದರ ಅಂತ ಮೊತ್ತದ ಕಾಲಮ್ ಮಾಡ್ಕೊಂಡು, ಆಮೇಲೆ ಪಿವಟ್‌ನಲ್ಲಿ ಕ್ಯಾಲ್ಕುಲೇಟೆಡ್ ಫೀಲ್ಡ್ (ಸೂತ್ರದಿಂದ ಹುಟ್ಟೋ ಫೀಲ್ಡ್) ಸೇರಿಸಿ ಮೊತ್ತ ಭಾಗಿಸು ಆವಕ ಅನ್ನೋದು. ಕ್ಯಾಲ್ಕುಲೇಟೆಡ್ ಫೀಲ್ಡ್ ಯಾವಾಗ್ಲೂ ಮೊದ್ಲು ಕೂಡತ್ತೆ, ಆಮೇಲೆ ಸೂತ್ರ ಹಚ್ಚತ್ತೆ, ಭಾಗಾಕಾರಕ್ಕೆ ಇದು ವರ, ಗುಣಾಕಾರನ ಅಲ್ಲೇ ಮಾಡೋಕೆ ಹೋದ್ರೆ ಎಲ್ಲಾ ಆವಕ ಕೂಡಿ ಎಲ್ಲಾ ದರ ಕೂಡಿ ಗುಣಿಸಿ ಆಕಾಶಕ್ಕೆ ಹೋಗೋ ನಂಬರ್ ಕೊಡತ್ತೆ. ಗೂಗಲ್ ಶೀಟ್ಸಲ್ಲೂ ಸಮ್ಮರೈಸ್ ಬೈ ಕಸ್ಟಮ್ ಅಂತ ಇಟ್ಟು ಸಮ್ ಭಾಗಿಸು ಸಮ್ ಅಂತ ಬರೀಬಹುದು. ಲಿಬ್ರೆಆಫೀಸ್ ಕ್ಯಾಲ್ಕಲ್ಲಿ ಈ ಸೌಲಭ್ಯ ಇಲ್ಲ, ಪಿವಟ್ ಪಕ್ಕದಲ್ಲಿ ಕೈಯಾರೆ ಸೂತ್ರ ಹಾಕ್ಕೋಬೇಕು, ಅದು ಟೇಬಲ್ ಉದ್ದ ಆದಾಗೆಲ್ಲ ಹಾಳಾಗತ್ತೆ.

ಈಗ ಮೂರನ್ನೂ ತೂಗೋಣ. ಎಕ್ಸೆಲ್ಲಿಗೆ 1993ರಲ್ಲಿ ಬಂದ 5ನೇ ವರ್ಶನ್ ಜೊತೆ ಪಿವಟ್ ಟೇಬಲ್ ಬಂತು, ಅದಕ್ಕಿಂತ ಮುಂಚೆ ಈ ಐಡಿಯಾ ಲೋಟಸ್ ಕಂಪನಿಯ ಇಂಪ್ರಾವ್ (Improv) ಅನ್ನೋ ಪ್ರೋಗ್ರಾಮಲ್ಲಿತ್ತು, 1991ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪ್ಯೂಟರಿಗೆ ಬಂದಿದ್ದು, ಪೀಟೋ ಸಾಲಾಸ್ ಅನ್ನೋರ ತಲೆಯಿಂದ ಹುಟ್ಟಿದ್ದು. ಇಷ್ಟು ವರ್ಷ ಪಳಗಿರೋದು ಬಳಸುವಾಗ ಗೊತ್ತಾಗತ್ತೆ. ಶೋ ವ್ಯಾಲ್ಯೂಸ್ ಆಸ್ ಒಂದ್ರಲ್ಲೇ ಒಟ್ಟಿನಲ್ಲಿ ಶೇಕಡ ಎಷ್ಟು, ಹಿಂದಿನ ತಿಂಗಳಿಗಿಂತ ಎಷ್ಟು ವ್ಯತ್ಯಾಸ, ರನ್ನಿಂಗ್ ಟೋಟಲ್ ಎಲ್ಲ ಸಿಗತ್ತೆ. ಯಾವ್ದೇ ನಂಬರಿನ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಅದು ಯಾವ ಸಾಲುಗಳಿಂದ ಬಂತು ಅಂತ ಹೊಸ ಶೀಟಲ್ಲಿ ಬಿಚ್ಚಿಡತ್ತೆ, ಲೆಕ್ಕ ತಾಳೆ ನೋಡೋರಿಗೆ ಇದಕ್ಕಿಂತ ಬೇಕಾ.

ಬೇಜಾರಿನ ವಿಷಯನೂ ಇದೆ. ಮೂಲ ಡಾಟಾ ತಿದ್ದಿದ್ರೆ ಪಿವಟ್ ತಾನಾಗೇ ಬದಲಾಗತ್ತೆ ಅಂತ ನೆಚ್ಕೋಬೇಡಿ, ಅದು ತನ್ನ ಹತ್ರ ಇರೋ ನಕಲು ನೋಡ್ಕೊಂಡು ಕೂತಿರತ್ತೆ, ರಿಫ್ರೆಶ್ ಮಾಡ್ಬೇಕು. ಕೆಳಗೆ ಹೊಸ ಸಾಲು ಸೇರಿಸಿದ್ರೆ ರೇಂಜಿನಿಂದ ಆಚೆ ಉಳಿಯತ್ತೆ, ಅದಕ್ಕೆ ಮೊದ್ಲೇ ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡ್ಕೊಂಡಿರಿ. ಕ್ವಾರ್ಟರ್ ಗ್ರೂಪಿಂಗ್ ಜನವರಿಯಿಂದ ಶುರು ಆಗತ್ತೆ, ನಮ್ಮ ಏಪ್ರಿಲ್-ಮಾರ್ಚ್ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ. ಇಡೇಟ್ (EDATE) ಫಂಕ್ಷನ್ನಲ್ಲಿ ತಾರೀಕನ್ನ ಮೂರು ತಿಂಗಳು ಹಿಂದಕ್ಕೆ ತಳ್ಳಿ ಇಯರ್ ತೆಗೆದ್ರೆ ಆರ್ಥಿಕ ವರ್ಷ ಶುರುವಾದ ಇಸವಿ ಬರತ್ತೆ, ಅದನ್ನೇ ಒಂದು ಕಾಲಮ್ ಮಾಡಿಟ್ಕೊಳಿ.

ಗೂಗಲ್ ಶೀಟ್ಸ್ ಫ್ರೀ, ರಿಫ್ರೆಶ್ ತಲೆನೋವಿಲ್ಲ, ಎಷ್ಟು ಬೇರೆ ಬೇರೆ ವರ್ತಕರು ಅಂತ ಎಣಿಸೋಕೆ ಕೌಂಟ್ ಯುನೀಕ್ ನೇರವಾಗಿ ಇದೆ (ಎಕ್ಸೆಲ್ಲಲ್ಲಿ ಇದಕ್ಕೆ ಪಿವಟ್ ಮಾಡುವಾಗಲೇ ಡಾಟಾ ಮಾಡೆಲ್‌ಗೆ ಸೇರಿಸೋ ಟಿಕ್ ಹಾಕಿರ್ಬೇಕು). ಮೊದ್ಲ ವಾರಕ್ಕೆ ಇದೇ ಸಾಕು, ಸಾಲು ಸಾವಿರಗಟ್ಟಲೆ ಏರಿದ ಮೇಲೆ ಬ್ರೌಸರ್ ಏದುಸಿರು ಬಿಡೋಕೆ ಶುರು ಮಾಡತ್ತೆ. ಲಿಬ್ರೆಆಫೀಸಲ್ಲಿ ಡೈಲಾಗ್ ಬಾಕ್ಸಲ್ಲಿ ಫೀಲ್ಡ್ ಜೋಡಿಸಿ ಓಕೆ ಒತ್ತಿದ ಮೇಲಷ್ಟೇ ಫಲಿತಾಂಶ ಕಾಣೋದು, ಎಳೆದು ನೋಡಿ ಕಲಿಯೋ ಮಜಾ ಅಲ್ಲೇ ಅರ್ಧ ಹೋಗತ್ತೆ, ಆದ್ರೆ ದುಡ್ಡೂ ಬೇಡ ಇಂಟರ್ನೆಟ್ಟೂ ಬೇಡ.

ಡಾಟಾಬೇಸಿನಿಂದ ತರೋರಿಗೆ ಒಂದು ಮಾತು, ಎಲ್ಲಾ ಸಾಲನ್ನೂ ಶೀಟಿಗೆ ಸುರೀಬೇಡಿ, ಎಕ್ಸೆಲ್ ಶೀಟಿಗೆ ಹಿಡಿಯೋದೇ 10,48,576 ಸಾಲು. ಎಸ್‌ಕ್ಯೂಎಲ್‌ನ (ಡಾಟಾಬೇಸಿಂದ ಡಾಟಾ ಕೇಳೋ ಭಾಷೆ) ಗ್ರೂಪ್ ಬೈ ಮತ್ತೆ ಪಿವಟ್‌ನ ರೋಸ್ ಬಾಕ್ಸ್ ಮಾಡೋದು ಒಂದೇ ಕೆಲಸ, ದಿನ-ಮಾರುಕಟ್ಟೆ-ಬಗೆ ಮಟ್ಟಕ್ಕೆ ಅಲ್ಲೇ ಕೂಡಿಸಿ ತಂದು ಉಳಿದಿದ್ದನ್ನ ಇಲ್ಲಿ ತಿರುವಿ ನೋಡಿ. ಆವಕ ಮತ್ತೆ ಮೊತ್ತ ಎರಡನ್ನೂ ಸಮ್ ಆಗೇ ತನ್ನಿ, ಸರಾಸರಿ ತಂದ್ರೆ ಮತ್ತೆ ಅದೇ 48,000ದ ಕಥೆ.

ನನ್ನ ಮಾರ್ಕ್ಸು: ಎಕ್ಸೆಲ್ 5ಕ್ಕೆ 4.5, ಶೀಟ್ಸ್ 3.5, ಕ್ಯಾಲ್ಕ್ 2.5. ಎಕ್ಸೆಲ್ ಬಳಸೋರು ಒಂದು ನೋಡ್ಕೊಳಿ, ಸಂಬಳದ ಪಟ್ಟಿಯಿಂದ ಪಿವಟ್ ಮಾಡಿ, ಮೂಲ ಶೀಟ್ ಡಿಲೀಟ್ ಮಾಡಿ ಬರೀ ಪಿವಟ್ ಮೇಲ್ ಮಾಡಿದ್ರೂ ಪಿವಟ್ ಇಟ್ಕೊಂಡ ಮೂಲ ಡಾಟಾದ ನಕಲು ಅದೇ ಫೈಲ್ ಒಳಗೇ ಇರತ್ತೆ, ಆಚೆಯೋರು ಗ್ರ್ಯಾಂಡ್ ಟೋಟಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಎಲ್ಲರ ಸಂಬಳನೂ ಹೊರಗೆ ಬರತ್ತೆ. ಕಳಿಸೋ ಮುಂಚೆ ಪೇಸ್ಟ್ ವ್ಯಾಲ್ಯೂಸ್ (ಬರೀ ನಂಬರಷ್ಟೇ ಅಂಟಿಸೋದು) ಮಾಡಿ ಹೊಸ ಫೈಲಲ್ಲಿ ಕಳ್ಸಿ.