ಚಾಂಗಿಯ ಕೆಂಪು ಚಾನೆಲ್: ನಲವತ್ತು ಸಿಗರೇಟು ಮತ್ತು ಅವ್ವನ ಎಲೆಅಡಿಕೆ ಸಂಚಿ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಬೆಲ್ಟಿನಿಂದ ಲಗೇಜ್ ಎತ್ತಿಕೊಂಡ ಮೇಲೆ ಹೊರಗೆ ಹೋಗಲು ಎರಡು ದಾರಿಗಳಿವೆ. ತೋರಿಸುವಂಥದ್ದು ಏನೂ ಇಲ್ಲದವರಿಗೆ ಹಸಿರು, ಇರುವವರಿಗೆ ಕೆಂಪು. 2024ರ ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ವಿಮಾನದಿಂದ ಇಳಿದವರಲ್ಲಿ ನನ್ನ ಕಣ್ಣಿಗೆ ಬಿದ್ದಷ್ಟು ಮಂದಿ ಹಸಿರಿನ ಕಡೆಗೇ ನಡೆದರು. ಕೆಂಪಿನ ಕಡೆಗೆ ತಿರುಗಿದವರು ನಾನು ಮತ್ತು ಎಪ್ಪತ್ತೊಂದು ವರ್ಷದ ನಮ್ಮ ಅವ್ವ, ಇಬ್ಬರೇ. ನನ್ನ ಕೈಚೀಲದಲ್ಲಿ ಭಾವನವರಿಗೆಂದು ತಂದ ಇಪ್ಪತ್ತರ ಎರಡು ಪ್ಯಾಕ್ ಸಿಗರೇಟು ಇದ್ದವು. ಅವ್ವನ ಸೊಂಟದಲ್ಲಿ ಎಲೆಅಡಿಕೆಯ ಸಂಚಿ, ಅದರೊಳಗೆ ಹೊಗೆಸೊಪ್ಪು. ಈ ವಿಮರ್ಶೆ ಆ ಕೆಂಪು ಚಾನೆಲ್ಲಿನ ಸೇವೆಯನ್ನು ಕುರಿತದ್ದು. ಅಲ್ಲಿಗೆ ಮುಟ್ಟುವ ಮೊದಲೇ ನಮ್ಮಿಂದ ಹಣ ಪಡೆದು, ಅಥವಾ ಪಡೆಯಲು ನೋಡಿ, ಸಲಹೆ ಕೊಟ್ಟ ಇನ್ನಿಬ್ಬರನ್ನೂ ಕುರಿತದ್ದು.

ಮೊದಲು ಆ ಇಬ್ಬರ ವಿಷಯ. ವೀಸಾ ಮತ್ತು ಟಿಕೆಟ್ ಮಾಡಿಸಿಕೊಟ್ಟ ಟ್ರಾವೆಲ್ಸ್‌ನವರನ್ನು ಸಿಗರೇಟಿನ ಬಗ್ಗೆ ಕೇಳಿದಾಗ, “ಇನ್ನೂರರವರೆಗೆ ಎಲ್ಲ ದೇಶದಲ್ಲೂ ಫ್ರೀ ಸರ್, ಅಮ್ಮನವರ ಹೊಗೆಸೊಪ್ಪನ್ನು ಯಾರೂ ಕೇಳೋದಿಲ್ಲ” ಎಂದು ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ್ದರು. ಹೊರಡುವ ರಾತ್ರಿ ನಿಲ್ದಾಣದ ಒಳಗಿನ ಮಳಿಗೆಯೊಂದರಲ್ಲಿ ಮಾರಾಟದ ಹುಡುಗ ಇಡೀ ಕಾರ್ಟನ್ನನ್ನೇ ಕೈಗೆ ಕೊಟ್ಟು, “ಡ್ಯೂಟಿ ಫ್ರೀ ಸರ್, ಟ್ಯಾಕ್ಸೇ ಇಲ್ಲ” ಎಂದ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಡ್ಯೂಟಿ ಫ್ರೀ ಎಂಬ ಮಾತಿಗೆ ನಾವು ಬಿಟ್ಟು ಹೊರಡುವ ದೇಶದ ತೆರಿಗೆ ಆ ಬೆಲೆಯಲ್ಲಿ ಸೇರಿಲ್ಲ ಎಂದಷ್ಟೇ ಅರ್ಥ. ಇಳಿಯುವ ದೇಶದ ಸುಂಕಕ್ಕೂ ಆ ಫಲಕಕ್ಕೂ ಯಾವ ಸಂಬಂಧವೂ ಇಲ್ಲ. ಎಲ್ಲಿಗೆ ಹೋಗುತ್ತೀರಿ ಎಂಬ ಒಂದು ಪ್ರಶ್ನೆಯನ್ನು ಅವನು ಕೇಳಿದ್ದರೆ ಸಾಕಿತ್ತು. ಹಿಂದಿನ ರಾತ್ರಿ ಫೋನಿನಲ್ಲಿ ಅಕ್ಕ, “ತರೋದಾದ್ರೆ ಎರಡೇ ಪ್ಯಾಕ್ ತಾ, ಇಳಿದ ತಕ್ಷಣ ಕೆಂಪು ಕಡೆಗೆ ಹೋಗಿ ತೋರಿಸು” ಎಂದು ಗದರಿಸದೇ ಇದ್ದಿದ್ದರೆ ನಾನೂ ಆ ಕಾರ್ಟನ್ನನ್ನು ಹಿಡಿದುಕೊಂಡು ಹಸಿರು ದಾರಿಯಲ್ಲೇ ಹೋಗಿರುತ್ತಿದ್ದೆ.

ಸಿಂಗಪುರದಲ್ಲಿ ಸಿಗರೇಟಿಗೆ ಉಚಿತ ಮಿತಿ ಎಂಬುದೇ ಇಲ್ಲ. ಮದ್ಯಕ್ಕೆ ಕೆಲವು ಷರತ್ತುಗಳ ಮೇಲೆ ರಿಯಾಯಿತಿ ಇದೆ, ತಂಬಾಕಿಗೆ ಇಲ್ಲ. ತೆರೆದ ಪ್ಯಾಕಿನಲ್ಲಿ ಉಳಿದ ನಾಲ್ಕು ಸಿಗರೇಟಿಗೂ ಸುಂಕ ಕೊಡಬೇಕು. 2023ರ ಫೆಬ್ರುವರಿಯ ಬಜೆಟ್ಟಿನಲ್ಲಿ ತಂಬಾಕಿನ ಸುಂಕವನ್ನು ಶೇಕಡ 15ರಷ್ಟು ಏರಿಸಿದ್ದರಿಂದ, ನಾವು ಹೋದಾಗ ಒಂದು ಸಿಗರೇಟಿಗೆ 49.1 ಸೆಂಟ್ ಇತ್ತು. ಅದರ ಮೇಲೆ 2024ರ ಜನವರಿಯಿಂದ ಶೇಕಡ 9ಕ್ಕೆ ಏರಿದ ಜಿಎಸ್‌ಟಿ. ಅದನ್ನೂ ಸರಕಿನ ಬೆಲೆಗೆ ಸುಂಕವನ್ನು ಸೇರಿಸಿ, ಆ ಮೊತ್ತದ ಮೇಲೆ ಹಾಕುತ್ತಾರೆ. ಸ್ವಂತ ಬಳಕೆಗೆ ತರುವ ತಂಬಾಕು ಒಟ್ಟು 400 ಗ್ರಾಂ ಮೀರಿದರೆ ಹಣ ಕಟ್ಟಿದರಷ್ಟೇ ಸಾಲದು, ಪರವಾನಗಿ ಬೇಕು. ತೋರಿಸದೆ ಸಾಗಿಸಿ ಸಿಕ್ಕಿಬಿದ್ದು ವಿಷಯ ನ್ಯಾಯಾಲಯಕ್ಕೆ ಹೋದರೆ, ತಪ್ಪಿಸಿದ ತೆರಿಗೆಯ 20 ಪಟ್ಟಿನವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ, ಜೈಲಿಗೂ ಇದೆ.

ಕೌಂಟರಿನಲ್ಲಿ ನಮ್ಮ ಕೆಲಸ ಹತ್ತು ನಿಮಿಷದೊಳಗೆ ಮುಗಿಯಿತು. ಎರಡು ಪ್ಯಾಕನ್ನು ಮೇಜಿನ ಮೇಲಿಟ್ಟು, ನಮ್ಮ ಊರಿನ ಅಂಗಡಿಯಲ್ಲಿ ಕೊಂಡ ಬಿಲ್ಲನ್ನು ಪಕ್ಕದಲ್ಲಿಟ್ಟೆ. ಬಿಲ್ ಇಟ್ಟುಕೊಂಡದ್ದು ಅಕ್ಕನ ಸಲಹೆ, ಇಡೀ ಪ್ರಯಾಣದಲ್ಲಿ ಬಹಳ ಉಪಯೋಗಕ್ಕೆ ಬಂದ ಸಲಹೆಯೂ ಅದೇ. ಅಧಿಕಾರಿ ಪ್ಯಾಕುಗಳನ್ನು ತಿರುಗಿಸಿ ಎಣಿಕೆ ನೋಡಿದರು, ರೂಪಾಯಿಯ ಬೆಲೆಯನ್ನು 11 ಸಿಂಗಪುರ ಡಾಲರ್ ಎಂದು ಬರೆದುಕೊಂಡರು. ನಲವತ್ತು ಸಿಗರೇಟಿಗೆ ಸುಂಕ 19 ಡಾಲರ್ 64 ಸೆಂಟ್, ಜಿಎಸ್‌ಟಿ 2 ಡಾಲರ್ 76 ಸೆಂಟ್, ಒಟ್ಟು 22 ಡಾಲರ್ 40 ಸೆಂಟ್. ಕಾರ್ಡ್ ತೋರಿಸಿದೆ, ರಸೀದಿ ಬಂತು. ಎಲ್ಲಿಂದ ಬಂದಿರಿ, ಯಾಕೆ ತಂದಿರಿ, ಯಾರಿಗೆ ಎಂಬ ಅಡ್ಡಪ್ರಶ್ನೆಗಳಿರಲಿಲ್ಲ. ಮುಖದಲ್ಲಿ ಅನುಮಾನವೂ ಇರಲಿಲ್ಲ, ಉಪಕಾರ ಮಾಡುತ್ತಿದ್ದೇನೆಂಬ ಗತ್ತೂ ಇರಲಿಲ್ಲ. ಬ್ಯಾಂಕಿನಲ್ಲಿ ಚಲನ್ ಕಟ್ಟಿದಷ್ಟೇ ಸಲೀಸಾಗಿತ್ತು. ಸರದಿ ಬೇಡವೆನ್ನುವವರು ಹೊರಡುವ ಮುನ್ನವೇ, ಇಳಿಯುವ ದಿನಕ್ಕೆ ಮೂರು ದಿನ ಮೊದಲಿನಿಂದ, ಸಿಂಗಪುರ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ವಿವರ ತುಂಬಿ ಹಣ ಕಟ್ಟಬಹುದು. ಎಲ್ಲರೂ ಭರ್ತಿ ಮಾಡುವ ಆಗಮನ ಕಾರ್ಡೇ ಬೇರೆ, ಇದೇ ಬೇರೆ. ಕಾರ್ಡ್ ತುಂಬಿದ್ದೇವಲ್ಲ ಎಂದು ಸುಮ್ಮನಾಗುವಂತಿಲ್ಲ.

ಇನ್ನು ಅವ್ವನ ಸಂಚಿ. ಅಡಕತ್ತರಿಯನ್ನು ಬೆಂಗಳೂರಿನಲ್ಲೇ ದೊಡ್ಡ ಪೆಟ್ಟಿಗೆಗೆ ಹಾಕಿಸಿದ್ದೆ. ಸಂಚಿಯನ್ನು ಮಾತ್ರ ಅವ್ವ ಬಿಟ್ಟುಕೊಟ್ಟಿರಲಿಲ್ಲ. ಸಿಗರೇಟಿನ ಲೆಕ್ಕ ಮುಗಿದ ಮೇಲೆ ನಾನೇ, ಇದರಲ್ಲಿ ಅಗಿಯುವ ತಂಬಾಕಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಒಳಗಿನಿಂದ ಇನ್ನೊಬ್ಬರನ್ನು ಕರೆದರು. ಬಂದವರು ತಮಿಳಿನವರು, ನಲವತ್ತರ ಆಸುಪಾಸಿನ ಹೆಂಗಸು. ಕೈಗವಸು ಹಾಕಿಕೊಂಡು ಸಂಚಿಯ ದಾರವನ್ನು ಸಡಿಲಿಸಿ, ಒಂದೊಂದೇ ಅರೆಗೆ ಬೆರಳು ತೂರಿಸಿ, ಇದ್ದದ್ದನ್ನೆಲ್ಲ ಬಿಳಿ ಟ್ರೇ ಮೇಲೆ ಸಾಲಾಗಿ ಇಟ್ಟರು: ಬಾಡಿದ ಮೂರು ವೀಳ್ಯದೆಲೆ, ಗೋಟಡಿಕೆ, ಮುಚ್ಚಳಕ್ಕೆ ಸುಣ್ಣ ಮೆತ್ತಿಕೊಂಡ ಡಬ್ಬಿ, ಎರಡು ಲವಂಗ, ಒಂದು ಕಡ್ಡಿಪುಡಿ (ತಂಬಾಕಿನ ಪುಡಿ) ಪೊಟ್ಟಣ, ಹಳೆಯ ಪಂಚಾಂಗದ ಹಾಳೆಯಲ್ಲಿ ಮಡಿಸಿಟ್ಟ ಹೊಗೆಸೊಪ್ಪಿನ ಚೂರು. ಆ ಹಾಳೆಯನ್ನು ಬಿಡಿಸಿ, ಮೂಸಿ, ಅವ್ವನ ಮುಖ ನೋಡಿ, “ಪುಗೆಯಿಲೈ ತಾನೇ ಅಮ್ಮಾ?” ಎಂದು ಕೇಳಿದರು. ಅವ್ವನಿಗೆ ತಮಿಳು ಬಾರದು. ಆದರೂ ಹೊಗೆಯ ಎಲೆ ಎಂಬ ಆ ಮಾತು ಹೇಗೋ ತಾಕಿ, “ಹೂಂ ಕಣವ್ವ, ಹೊಗೆಸೊಪ್ಪೇಯ” ಎಂದು, ಬೇಕಾದರೆ ಒಂದು ಚೂರು ತಗೋ ಎನ್ನುವ ಹಾಗೆ ಕೈ ಮುಂದೆ ಮಾಡಿದರು.

ಆಕೆ ನಕ್ಕರು, ತಗೊಳ್ಳಲಿಲ್ಲ, ಬಿಡಲೂ ಇಲ್ಲ. ಹೊಗೆಸೊಪ್ಪಿನ ಹಾಳೆಯನ್ನೂ ಕಡ್ಡಿಪುಡಿಯನ್ನೂ ಬೇರೆ ಚೀಲಕ್ಕೆ ಹಾಕಿ, ಒಂದು ಕಾಗದದಲ್ಲಿ ಬರೆದುಕೊಂಡು ನನ್ನ ಸಹಿ ಪಡೆದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಲವಂಗ ಎಲ್ಲವನ್ನೂ ಮೊದಲು ಯಾವ ಅರೆಯಲ್ಲಿದ್ದವೋ ಅದೇ ಅರೆಗೆ ಸೇರಿಸಿ, ದಾರ ಎಳೆದು ಅವ್ವನ ಕೈಗೇ ಕೊಟ್ಟರು. ಈ ಒಂದು ನಡವಳಿಕೆಗಾಗಿ ನಾನು ಈ ಸೇವೆಗೆ ಪೂರ್ತಿ ಅಂಕ ಕೊಡುತ್ತೇನೆ. ಮುದುಕಿಯ ಸಂಚಿಯನ್ನು ಮೇಜಿನ ಮೇಲೆ ಸುರುವಿ, ಇದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಗದರಿಸಿ ಕಳಿಸುವುದು ಸುಲಭವಾಗಿತ್ತು. ನಮಗೆ ದಂಡ ಬೀಳಲಿಲ್ಲ. ನಾವಾಗಿಯೇ ಬಂದು ತೋರಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು ಎಂದು ಆಕೆ ಹೇಳಿದರು. ಅದೇ ಚೀಲ ಹಸಿರು ದಾರಿಯಲ್ಲಿ ಸಿಕ್ಕಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂಬುದನ್ನೂ ಹೇಳಿದರು.

ಇಲ್ಲಿ ನಮ್ಮವರು ತಿಳಿದಿರಬೇಕಾದ ವ್ಯತ್ಯಾಸವೊಂದಿದೆ. ಸಿಗರೇಟು ಸುಂಕ ಕಟ್ಟಿ ಒಯ್ಯಬಹುದಾದ ವಸ್ತು. ಹೊಗೆಸೊಪ್ಪು ಎಷ್ಟು ಹಣ ಕಟ್ಟಿದರೂ ಒಳಗೆ ಬಿಡದ ವಸ್ತು. ಅಗಿಯುವ ತಂಬಾಕು ಸಿಂಗಪುರದ ನಿಷೇಧಿತ ಸರಕುಗಳ ಪಟ್ಟಿಯಲ್ಲಿದೆ. ಗುಟ್ಕಾ, ಖೈನಿ, ಜರ್ದಾಗಳ ಜೊತೆಗೆ ಮೂಗಿಗೆ ಏರಿಸುವ ನಶ್ಯವನ್ನೂ ಅಲ್ಲಿ 2016ರ ಆಗಸ್ಟ್ 1ರಿಂದ ನಿಷೇಧಿಸಿದ್ದಾರೆ. ನಮ್ಮ ಸೋದರಮಾವ ಬಂದಿದ್ದರೆ ಅವರ ನಶ್ಯದ ಡಬ್ಬಿಯೂ ಅದೇ ಟ್ರೇಗೆ ಬೀಳುತ್ತಿತ್ತು. ಕರ್ನಾಟಕದಲ್ಲೂ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆದರೆ ಸಂಚಿಯೊಳಗಿನ ಹೊಗೆಸೊಪ್ಪು ನಮ್ಮಲ್ಲಿ ಯಾರಿಗೂ ತಂಬಾಕಿನ ಉತ್ಪನ್ನವಾಗಿ ಕಾಣುವುದೇ ಇಲ್ಲ, ಅದು ಎಲೆಅಡಿಕೆಯ ಒಂದು ಭಾಗ. ನಮ್ಮೂರು ಪಿರಿಯಾಪಟ್ಟಣದ ಕಡೆ. ಸಿಗರೇಟಿಗೆ ಹೋಗುವ ಸೊಪ್ಪನ್ನು ಬ್ಯಾರನ್ ಎಂಬ ಕಾವಿನ ಮನೆಯಲ್ಲಿ ಬೇಯಿಸಿ ಹರಾಜು ಮಾರುಕಟ್ಟೆಗೆ ಒಯ್ಯುವುದನ್ನು ನೋಡಿಕೊಂಡೇ ಬೆಳೆದವರು ನಾವು. ಮನೆಯ ಮುಂದೆ ಬೆಳೆಯುವ ಸೊಪ್ಪಿಗೆ ವಿಮಾನ ನಿಲ್ದಾಣದಲ್ಲಿ ಸಹಿ ಹಾಕಿಕೊಡಬೇಕಾಗುತ್ತದೆಂದು ಅವ್ವನಿಗೆ ವಿವರಿಸಲು ನನ್ನಿಂದ ಆಗಲಿಲ್ಲ, ಅಕ್ಕನಿಂದಲೂ ಆಗಲಿಲ್ಲ.

ವಿಮಾನದೊಳಗೆ ಇಳಿಯುವ ಮುನ್ನ ಬಂದ ಪ್ರಕಟಣೆಯಲ್ಲಿ ಮಾದಕ ದ್ರವ್ಯಗಳ ಎಚ್ಚರಿಕೆ ಇತ್ತು, ತಂಬಾಕಿನ ಮಾತು ಇರಲಿಲ್ಲ. ಇದ್ದರೂ ಅದು ಕನ್ನಡದಲ್ಲಿ ಇರುತ್ತಿರಲಿಲ್ಲ. ಬೆಂಗಳೂರಿನಿಂದ ಹೊರಟ ವಿಮಾನದಲ್ಲಿ, ಮಕ್ಕಳ ಮನೆಗೆ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೊರಟ ಮುದುಕ ಮುದುಕಿಯರು ಪ್ರತಿ ಸಾಲಿನಲ್ಲೂ ಕೂತಿರುವಾಗ, ಹೊಗೆಸೊಪ್ಪು ಒಯ್ಯಬೇಡಿ ಎಂಬ ಒಂದು ವಾಕ್ಯವನ್ನು ಅವರ ಭಾಷೆಯಲ್ಲಿ ಹೇಳಿದರೆ ಆ ಸಂಸ್ಥೆಗೆ ಕಳೆದುಕೊಳ್ಳುವುದೇನೂ ಇಲ್ಲ.

ಮರಳಿ ಬರುವಾಗಿನ ಲೆಕ್ಕವೂ ಹಲವರಿಗೆ ತಪ್ಪುತ್ತದೆ. ಭಾರತಕ್ಕೆ ಬರುವ ಪ್ರಯಾಣಿಕರಿಗೆ ಹಿಂದೆ 200 ಸಿಗರೇಟು ಸುಂಕವಿಲ್ಲದೆ ತರಲು ಅವಕಾಶವಿತ್ತು. 2014ರ ಬಜೆಟ್ಟಿನಲ್ಲಿ ಅದನ್ನು 100ಕ್ಕೆ ಇಳಿಸಿದರು. ಸಿಗಾರ್ ಆದರೆ 25, ಬಿಡಿ ತಂಬಾಕಾದರೆ 125 ಗ್ರಾಂ. ಮಳಿಗೆಗಳಲ್ಲಿ ಮಾರುವ ಕಾರ್ಟನ್ನಿನಲ್ಲಿ ಮಾತ್ರ ಇಂದಿಗೂ ಇರುವುದು 200. ಆದ್ದರಿಂದ ಒಂದೇ ಒಂದು ಕಾರ್ಟನ್ ಕೊಂಡವನು, ತಾನು ತೀರ ಕಡಿಮೆ ಕೊಂಡೆನೆಂದುಕೊಂಡೇ, ಮಿತಿಯನ್ನು ಎರಡು ಪಟ್ಟು ಮಾಡಿಕೊಂಡು ಇಳಿಯುತ್ತಾನೆ. ಹೆಚ್ಚಾದ ನೂರಕ್ಕೆ ಮೂಲ ಕಸ್ಟಮ್ಸ್ ಸುಂಕವೇ ಶೇಕಡ 100. ಜೊತೆಯಲ್ಲಿ ಸಿಗರೇಟು ಸೇದದ ಅವ್ವನೋ ಹೆಂಡತಿಯೋ ಇದ್ದಾರೆ, ಅವರ ಪಾಲಿನ ನೂರನ್ನು ನನ್ನ ಲೆಕ್ಕಕ್ಕೆ ಹಿಡಿದುಕೊಳ್ಳಿ ಎಂದು ಕೇಳುವಂತೆಯೂ ಇಲ್ಲ; ಒಬ್ಬರ ಮಿತಿಯನ್ನು ಇನ್ನೊಬ್ಬರದಕ್ಕೆ ಕೂಡಿಸಲು ನಿಯಮ ಬಿಡುವುದಿಲ್ಲ. ನಾನು ಬರುವಾಗ ಏನೂ ತರಲಿಲ್ಲವಾದ್ದರಿಂದ ಬೆಂಗಳೂರಿನ ಕೆಂಪು ಚಾನೆಲ್ಲಿನ ಬಗ್ಗೆ ಹೇಳುವ ಅನುಭವ ನನಗಿಲ್ಲ. ಎಲೆಕ್ಟ್ರಾನಿಕ್ ಸಿಗರೇಟು ಇಟ್ಟುಕೊಂಡವರಿಗೆ ಮಾತ್ರ ಎರಡು ತುದಿಯಲ್ಲೂ ಬಾಗಿಲು ಮುಚ್ಚಿದೆ: ಸಿಂಗಪುರದಲ್ಲಿ 2018ರ ಫೆಬ್ರುವರಿಯಿಂದ ಅದನ್ನು ಹೊಂದಿರುವುದೇ ಅಪರಾಧ, ಭಾರತದಲ್ಲಿ 2019ರ ಕಾಯ್ದೆಯಿಂದ ಆಮದು ನಿಷಿದ್ಧ.

ಬೇರೆ ದೇಶಗಳಿಗೆ ಹೋಗುವವರು ಸಿಂಗಪುರದ ಲೆಕ್ಕವನ್ನು ಅಲ್ಲಿಗೆ ಹಚ್ಚಬಾರದು. ದುಬೈಯಲ್ಲಿ ಸಿಗರೇಟಿಗೆ ಒಂದು ಮಿತಿಯವರೆಗೆ ಅವಕಾಶವಿದ್ದರೂ ವೀಳ್ಯದೆಲೆಯನ್ನೇ ಒಯ್ಯುವಂತಿಲ್ಲ. ಕರಾವಳಿಯ ನಮ್ಮ ಸ್ನೇಹಿತರೆಲ್ಲ ಇದನ್ನು ಬಲ್ಲರು. ಆಸ್ಟ್ರೇಲಿಯಾದಲ್ಲಿ 25 ಸಿಗರೇಟು ಮತ್ತು ಒಂದು ತೆರೆದ ಪ್ಯಾಕ್, ಹಾಂಗ್‌ಕಾಂಗಿನಲ್ಲಿ 19 ಸಿಗರೇಟು. ಇಪ್ಪತ್ತರ ಒಂದು ಪ್ಯಾಕನ್ನು ಒಡೆಯದೆ ಒಯ್ದರೆ ಹಾಂಗ್‌ಕಾಂಗಿನಲ್ಲಿ ಒಂದು ಸಿಗರೇಟು ಹೆಚ್ಚಾಗುತ್ತದೆ.

ಅಂಕ ಕೊಡುವುದಾದರೆ, ಕೆಂಪು ಚಾನೆಲ್ಲಿಗೆ ಐದಕ್ಕೆ ಐದು. ಟ್ರಾವೆಲ್ಸ್‌ನವರಿಗೆ ಟಿಕೆಟ್ ಸರಿಯಾಗಿ ಮಾಡಿಸಿದ್ದಕ್ಕೆ ಒಂದು. ಮಳಿಗೆಯ ಹುಡುಗನಿಗೆ ಏನೂ ಇಲ್ಲ, ಅವನಿಂದ ನಾನು ಕೊಂಡದ್ದೂ ಏನೂ ಇಲ್ಲ. ಹಣದ ದೃಷ್ಟಿಯಿಂದ ನೋಡಿದರೆ ಊರಿನಿಂದ ಸಿಗರೇಟು ಒಯ್ಯುವುದರಲ್ಲಿ ಉಳಿತಾಯವೇನೂ ಇಲ್ಲ. ರಸೀದಿ ನೋಡಿದ ಭಾವ, ಒಂದೊಂದು ಸಿಗರೇಟಿಗೂ 56 ಸೆಂಟ್ ತೆರಿಗೆ ಬಿತ್ತು, ಮೂಲ ಬೆಲೆಯನ್ನೂ ಸೇರಿಸಿದರೆ ಇಲ್ಲಿಯ ಅಂಗಡಿಯಲ್ಲಿ ಕೊಂಡಷ್ಟೇ ಆಯಿತು ಎಂದು ಲೆಕ್ಕ ಹಾಕಿ ತೋರಿಸಿದರು. ಸಿಂಗಪುರದಲ್ಲಿ ಸುಂಕ ಕಟ್ಟಿ ಮಾರುವ ಸಿಗರೇಟಿನ ಮೇಲೆ ಒಂದೊಂದಕ್ಕೂ ‘ಎಸ್‌ಡಿಪಿಸಿ’ ಎಂಬ ಅಕ್ಷರಗಳ ಗುರುತಿರುತ್ತದೆ, ನಮ್ಮ ಊರಿನ ಸಿಗರೇಟಿಗೆ ಅದಿರುವುದಿಲ್ಲ. ಬೀದಿಯಲ್ಲಿ ಯಾರಾದರೂ ಅಧಿಕಾರಿ ಕೇಳಿದರೆ ತೋರಿಸಲು ರಸೀದಿಯೊಂದೇ ಆಧಾರ. ಭಾವ ಅದನ್ನು ನಾಲ್ಕಾಗಿ ಮಡಿಸಿ ಪ್ಯಾಕಿನೊಳಗೇ ಇಟ್ಟುಕೊಂಡು, ನಲವತ್ತನೆಯ ಸಿಗರೇಟು ಮುಗಿಯುವವರೆಗೂ ಜೇಬಿನಲ್ಲಿ ಹೊತ್ತು ತಿರುಗಿದರು. ಅವ್ವನಿಗೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಹಸಿ ವೀಳ್ಯದೆಲೆಯೂ ಅಡಿಕೆಯೂ ಸಿಕ್ಕವು. ಇಪ್ಪತ್ತೆಂಟು ದಿನ ಅವರು ಹೊಗೆಸೊಪ್ಪಿಲ್ಲದೆ ಎಲೆ ಹಾಕಿಕೊಂಡರು. ಸಪ್ಪೆ, ಸಪ್ಪೆ ಎಂದು ಪ್ರತಿ ಸಲವೂ ಹೇಳುತ್ತಲೇ ಹಾಕಿಕೊಂಡರು.