ನಮ್ಮ ಮನೆಗೆ ಅಗ್ಗದ ರೋಬೋನೇ ಸರಿ

ನಮ್ಮನೆಯಲ್ಲಿ ಕಸ ಗುಡಿಸುವ ರೋಬೋ ಎರಡಿವೆ. ಮೊದಲು ಬಂದದ್ದು ಲೇಸರ್ ತಿರುಗಿಸಿ ಮನೆಯ ನಕ್ಷೆ ಬರೆದುಕೊಳ್ಳುವಂಥದ್ದು, 26,000 ರೂಪಾಯಿ. ಅದರ ಕಾಟ ತಾಳದೆ ತಂದದ್ದು 9,000ದ್ದು. ಇದಕ್ಕೆ ನಕ್ಷೆಯ ಗೊಡವೆಯೇ ಇಲ್ಲ. ಡಿಕ್ಕಿಯಾದರೆ ತಿರುಗುತ್ತದೆ, ಗೋಡೆ ಸಿಕ್ಕರೆ ಪಕ್ಕದಲ್ಲೇ ಸಾಗುತ್ತದೆ. ನನ್ನ ಓಟು ಇದಕ್ಕೇ.

ತಕರಾರು ಇಷ್ಟೇ. ದೇವರ ಮನೆ ಮುಂದೆ ರಂಗೋಲಿ ಹಾಕುವಾಗ ಅಡ್ಡ ಬಂದ ರೋಬೋವನ್ನು ಅಮ್ಮ ಎತ್ತಿ ಅಡುಗೆಮನೆಯಲ್ಲಿ ಬಿಡುತ್ತಾರೆ. ಲೇಸರಿನದ್ದಕ್ಕೆ ಅಲ್ಲಿಗೆ ತಲೆ ಕೆಟ್ಟಿತು! ಅದರ ಲೆಕ್ಕದಲ್ಲಿ ಅದಿನ್ನೂ ದೇವರ ಮನೆ ಮುಂದೆಯೇ ಇದೆ. ನಿಂತಲ್ಲೇ ಸುತ್ತು ಹೊಡೆದು ಗುರುತು ಹುಡುಕುತ್ತದೆ. ಸಿಗದಿದ್ದರೆ ಹೊಸ ನಕ್ಷೆ ಶುರು. ಆ ನಕ್ಷೆಯಲ್ಲಿ ಚಾರ್ಜಿಂಗ್ ಸ್ಟ್ಯಾಂಡೇ ಇರುವುದಿಲ್ಲ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಫ್ರಿಜ್ ಪಕ್ಕ ಬ್ಯಾಟರಿ ಖಾಲಿಯಾಗಿ ಬಿದ್ದಿರುತ್ತದೆ.

"ಎತ್ತಬೇಡಮ್ಮ" ಅಂದರೆ, "ಮತ್ತೆ ರಂಗೋಲಿ ಮೇಲೆ ಓಡಾಡಲಿ ಅಂತ ಬಿಡಲಾ?" ಅನ್ನುತ್ತಾರೆ.

ಅಗ್ಗದ್ದನ್ನು ಎಲ್ಲಿ ಬಿಟ್ಟರೂ ಒಂದೇ. ಚಾರ್ಜ್ ಇಳಿದಾಗ ಗುಡಿಸುವುದು ನಿಲ್ಲಿಸಿ ಸುಮ್ನೆ ಅಲೆಯುತ್ತದೆ. ಸ್ಟ್ಯಾಂಡ್ ಬಿಡುವ ಇನ್‌ಫ್ರಾರೆಡ್ ಕಿರಣ ಸಿಕ್ಕಿದ ಕೂಡಲೇ ಅತ್ತ ತಿರುಗಿ, ಒಂಚೂರು ಎಡಕ್ಕೆ, ಒಂಚೂರು ಬಲಕ್ಕೆ ಸರಿದು ಹೋಗಿ ಕೂರುತ್ತದೆ.

ಉಪಾಯ ಹಳೆಯದು. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆದುಳಿನ ಸಂಶೋಧಕ ಗ್ರೇ ವಾಲ್ಟರ್ ಅವರು ಎಲ್ಮರ್, ಎಲ್ಸಿ ಎಂಬ ಯಂತ್ರದ ಆಮೆಗಳನ್ನು ಮಾಡಿದ್ದರು. ಹೊಟ್ಟೆ ತುಂಬಿರುವಾಗ ಅವು ಜೋರು ಬೆಳಕಿನಿಂದ ದೂರ ಸರಿಯುತ್ತಿದ್ದವು. ಬ್ಯಾಟರಿ ಇಳಿದರೆ ಅದೇ ಬೆಳಕಿರುವ ಗೂಡಿಗೆ ಹೋಗಿ ಚಾರ್ಜ್ ಆಗುತ್ತಿದ್ದವು. ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಾಡ್ನಿ ಬ್ರೂಕ್ಸ್, ಹುಳುಗಳಂತೆ ನಕ್ಷೆಯಿಲ್ಲದೆ ಬದುಕುವ ರೋಬೋಗಳ ದಾರಿಯನ್ನು 1986ರಲ್ಲಿ ಬರೆದು ತೋರಿಸಿದರು. 2002ರಲ್ಲಿ ರೂಂಬಾ ಎಂಬ ಕಸ ಗುಡಿಸುವ ರೋಬೋ ತಂದದ್ದು ಬ್ರೂಕ್ಸ್ ಇತರರೊಡನೆ ಸೇರಿ ಕಟ್ಟಿದ ಕಂಪನಿಯೇ.

ಮಂಚದ ಕೆಳಗೆ ಅಗ್ಗದ್ದು ನುಗ್ಗುತ್ತದೆ, ಇನ್ನೊಂದರ ಲೇಸರ್ ಗೋಪುರ ಅಡ್ಡ ಬರುತ್ತದೆ. ಕಪ್ಪು ಮ್ಯಾಟ್ ಕಂಡರೆ ಎರಡೂ ಹಳ್ಳ ಅಂದುಕೊಂಡು ಹಿಂದೆ ಸರಿಯುತ್ತವೆ. ಲೇಸರಿನದ್ದು ಗೆರೆ ಎಳೆದ ಹಾಗೆ ಗುಡಿಸಿ ಬೇಗ ಮುಗಿಸುತ್ತದೆ, ಅದನ್ನು ಒಪ್ಪಲೇಬೇಕು. ಅಗ್ಗದ್ದು ಬಳಿದ ಜಾಗವನ್ನೇ ಮತ್ತೆ ಬಳಿದು, ಮೂಲೆಯೊಂದನ್ನು ಬಿಟ್ಟಿರುತ್ತದೆ. ನಾನು ದಿನಾ ಓಡಿಸುತ್ತೇನೆ. ಇವತ್ತು ಬಿಟ್ಟದ್ದು ನಾಳೆ ಸಿಗುತ್ತೆ, ಅಲ್ವಾ?

ಲೇಸರಿನದ್ದನ್ನು ಅಕ್ಕನಿಗೆ ಕೊಡುತ್ತಿದ್ದೇನೆ. ಅವರ ಹಾಲ್ ದೊಡ್ಡದು, ಎತ್ತಿ ಬೇರೆಡೆ ಬಿಡುವವರೂ ಇಲ್ಲ.