ಏರ್ ರೈಫಲ್‌ಗೆ ಯಾವ ಸ್ಕೋಪ್? ಕೆಂಪುಕಲ್ಲಿನ ಕೋರೆಯಲ್ಲಿ ಮೂರರ ಹೋಲಿಕೆ

ಮಂಗಳೂರು, ಮೂಡುಬಿದಿರೆ ಕಡೆ ಗುರಿ ಅಭ್ಯಾಸಕ್ಕೆಂದು 0.177 ಇಂಚಿನ ಏರ್ ರೈಫಲ್ ಇಟ್ಟುಕೊಂಡವರು ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕೊಳ್ಳಲು ಹೊರಟಾಗ ಮೊದಲು ಕೇಳುವುದು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಮೂರು ಬಗೆಯ ಸ್ಕೋಪ್‌ಗಳನ್ನು ಒಂದೇ ಸ್ಪ್ರಿಂಗ್ ರೈಫಲ್‌ಗೆ (ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತುವ ಬಗೆ) ಸರದಿಯಂತೆ ಕೂರಿಸಿ, ಕಲ್ಲು ತೆಗೆದು ಬಿಟ್ಟ ಕೋರೆಯೊಂದರಲ್ಲಿ ಮಾಲೀಕರ ಒಪ್ಪಿಗೆ ಪಡೆದು, 10ರಿಂದ 50 ಮೀಟರ್ ದೂರದ ಕಾಗದದ ಗುರಿಗಳ ಮೇಲೆ ಪರೀಕ್ಷಿಸಿದ ನಂತರ, ಆ ಪ್ರಶ್ನೆಯನ್ನು ಕೊನೆಗೆ ಕೇಳಿದರೂ ನಷ್ಟವಿಲ್ಲ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. (ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ, ಅಲ್ಲಿ ಸಣ್ಣ ರಂಧ್ರದ ಪೀಪ್ ಸೈಟ್ ಮಾತ್ರ. ಆ ಹಾದಿಯಲ್ಲಿರುವವರಿಗೆ ಈ ಬರಹದಿಂದ ಪ್ರಯೋಜನವಿಲ್ಲ.)

ಮೊದಲನೆಯದು ಮದ್ದಿನ ಕೋವಿಗೆಂದು ತಯಾರಾದ 3–9×40 (3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 40 ಮಿ.ಮೀ. ಇರುವಂಥದ್ದು). ಅದರ ಪ್ಯಾರಲಾಕ್ಸ್ ಅನ್ನು, ಅಂದರೆ ಕಣ್ಣು ಸರಿದಾಗ ಗುರಿಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷವನ್ನು, 100 ಗಜದಲ್ಲಿ ಇಲ್ಲದಂತೆ ಕಾರ್ಖಾನೆಯಲ್ಲೇ ಸ್ಥಿರಗೊಳಿಸಿರುತ್ತಾರೆ. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, 25 ಮೀಟರ್ ಗುರಿಯನ್ನು ನೋಡುತ್ತಾ ತಲೆಯನ್ನಷ್ಟೇ ಮೇಲೆ ಕೆಳಗೆ ಸರಿಸಿದಾಗ, ಕ್ರಾಸ್‌ಹೇರ್ (ಸ್ಕೋಪ್ ಒಳಗಿನ ಅಡ್ಡ-ಉದ್ದ ಗುರಿಗೆರೆ) ಕಪ್ಪು ವೃತ್ತದ ನಡುವಿನಿಂದ ಅಂಚಿನ ಕಡೆಗೆ ಜಾರುವುದು ಕಣ್ಣಿಗೇ ಕಾಣುತ್ತಿತ್ತು. ಲೆಕ್ಕ ಹಾಕಿದರೆ, 40 ಮಿ.ಮೀ. ಮಸೂರಕ್ಕೆ ಆ ದೂರದಲ್ಲಿ ಈ ದೋಷ ಹೆಚ್ಚೆಂದರೆ ಸುಮಾರು 14 ಮಿ.ಮೀ. ಆಗಬಹುದು. ಕೆನ್ನೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂತರೆ ತೊಂದರೆಯಿಲ್ಲ, ಆದರೆ ಇಳಿಜಾರಿನಲ್ಲಿ ಮೊಣಕಾಲೂರಿ ಕುಳಿತವನಿಗೆ ಅದು ಸುಲಭದ ಮಾತಲ್ಲ. 10 ಮೀಟರಿನಲ್ಲಂತೂ ಚಿತ್ರವೇ ಮಸುಕು. ಇದನ್ನು ಇಲ್ಲಿಗೇ ಬಿಡೋಣ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಒಂದು, ಮುಂದಿನ ಮಸೂರದ ಸುತ್ತಿನ ಉಂಗುರ ತಿರುಗಿಸಿ ಪ್ಯಾರಲಾಕ್ಸ್ ಸರಿಮಾಡುವ 4–12×40. ಇದರ ರೆಟಿಕಲ್ (ಗೆರೆ, ಚುಕ್ಕಿಗಳ ಗುರಿಗುರುತು) ಎರಡನೇ ಫೋಕಲ್ ಪ್ಲೇನಿನಲ್ಲಿದೆ, ಅಂದರೆ ಪಟ್ಟು ಬದಲಿಸಿದರೂ ಅದರ ಗಾತ್ರ ಬದಲಾಗದು; ಗುರಿ ತಿದ್ದುವ ಗುಂಡಿಯ (ಟರೆಟ್) ಒಂದು ಕ್ಲಿಕ್ ಎಂದರೆ ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ). ಇನ್ನೊಂದು, ಪಕ್ಕದ ಗುಂಡಿಯಿಂದ ಪ್ಯಾರಲಾಕ್ಸ್ ಸರಿಮಾಡುವ, ಮೊದಲ ಫೋಕಲ್ ಪ್ಲೇನಿನ 6–24×50. ಒಂದು ಕ್ಲಿಕ್‌ಗೆ 0.1 ಮಿಲ್ (ಮಿಲ್ ಎಂದರೆ ದೂರದ ಸಾವಿರದ ಒಂದು ಭಾಗ). ಕಾಗದದ ಮೇಲಿನ ಗುಣಗಳಲ್ಲಿ ಎರಡನೆಯದು ಎಷ್ಟೋ ಮುಂದಿದೆ. 25 ಮೀಟರಿಗೆ ಝೀರೋ ಮಾಡಿದ (ಆ ದೂರಕ್ಕೆ ಗುರಿ ಹೊಂದಿಸಿದ) ನನ್ನ ರೈಫಲಿನ ಪೆಲೆಟ್ (ಸಣ್ಣ ಗುಂಡು) 50 ಮೀಟರಿನಲ್ಲಿ ಸುಮಾರು 10 ಸೆಂ.ಮೀ. ಕೆಳಗೆ ಬೀಳುತ್ತದೆ. ಆ ದೂರದಲ್ಲಿ ಒಂದು ಮಿಲ್ ಎಂದರೆ 5 ಸೆಂ.ಮೀ. ಆದ್ದರಿಂದ ಎರಡು ಮಿಲ್, ಅಂದರೆ ಇಪ್ಪತ್ತು ಕ್ಲಿಕ್: ಲೆಕ್ಕ ಬಾಯಲ್ಲೇ ಮುಗಿಯಿತು. ಕಾಲು ಎಂಒಎ ಟರೆಟ್‌ನಲ್ಲಿ ಅದೇ ತಿದ್ದುಪಡಿಗೆ 27 ಅಥವಾ 28 ಕ್ಲಿಕ್ ಬೇಕು, ಚೀಟಿ ನೋಡದೆ ನೆನಪಾಗುವುದಿಲ್ಲ. ಇದಲ್ಲದೆ ಮೊದಲ ಫೋಕಲ್ ಪ್ಲೇನಿನಲ್ಲಿ ಚಿತ್ರದೊಂದಿಗೆ ರೆಟಿಕಲ್ಲೂ ಹಿಗ್ಗಿ ಕುಗ್ಗುವುದರಿಂದ ಯಾವ ಪಟ್ಟಿನಲ್ಲಿಟ್ಟರೂ ಎರಡು ಮಿಲ್ ಎರಡು ಮಿಲ್ಲೇ. 4–12ರಲ್ಲಿ ಚುಕ್ಕಿಗಳ ಅಳತೆ ನಿಜವಾಗುವುದು 12ರಲ್ಲಿ ಮಾತ್ರ. 6ಕ್ಕೆ ಇಳಿಸಿದರೆ ಅದೇ ಅಂತರ ಇಮ್ಮಡಿಯಾಗುತ್ತದೆ.

ಇಷ್ಟಾದರೂ ನಮ್ಮ ಜಾಗದಲ್ಲಿ ಆ ಅನುಕೂಲ ಪೂರ್ತಿ ಕೈಗೆ ಸಿಗಲಿಲ್ಲ. ಬಿಸಿಲೇರಿದ ಮೇಲೆ ಕೋರೆಯ ಕೆಂಪು ನೆಲದಿಂದೇಳುವ ಬಿಸಿಗಾಳಿ ಗುರಿಯ ಅಂಚನ್ನು ಕುಣಿಸುತ್ತದೆ, 16 ಪಟ್ಟಿನ ಮೇಲೆ ಹೋದಷ್ಟೂ ಆ ಕುಣಿತವೇ ದೊಡ್ಡದಾಗಿ ಕಾಣುತ್ತದೆ. ಸಂಜೆ ಅಂಚಿನ ಅಡಿಕೆ ಮರಗಳ ನೆರಳು ಗುರಿಯ ಮೇಲೆ ಬಿದ್ದಾಗ ಇನ್ನೊಂದು ತೊಡಕು: 24 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ ಎರಡು ಮಿ.ಮೀ. ಚಿಲ್ಲರೆ ಮಾತ್ರ, ಚಿತ್ರ ಮಂಕು; ಬೆಳಕಿಗಾಗಿ 6ಕ್ಕೆ ಇಳಿಸಿದರೆ ರೆಟಿಕಲ್ ಕೂದಲೆಳೆಯಷ್ಟು ತೆಳುವಾಗಿ ಕಪ್ಪು ಹಿನ್ನೆಲೆಯಲ್ಲಿ ಮಾಯವಾಗುತ್ತದೆ, ರೆಟಿಕಲ್ಲಿನ ಕೆಂಪು ದೀಪ ಹೊತ್ತಿಸಲೇಬೇಕು. 4–12ರ ದಪ್ಪ ಗೆರೆ ಅದೇ ನೆರಳಿನಲ್ಲಿ ಸ್ಪಷ್ಟವಾಗಿ ನಿಂತಿತ್ತು.

ತೂಕದ ವಿಷಯವನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಸ್ಪ್ರಿಂಗ್ ರೈಫಲ್‌ನ ಹೊಡೆತ ಎರಡು ದಿಕ್ಕಿನದು. ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಅದು ಸಿಲಿಂಡರಿನ ತುದಿಯಲ್ಲಿ ನಿಂತಾಗ ರೈಫಲ್ ಥಟ್ಟನೆ ಮುಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಒದೆಯುವ ಕೋವಿಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಮಾಡಿದ ಸ್ಕೋಪ್‌ನ ಒಳಭಾಗ ಈ ಎರಡನೇ ಜಗ್ಗಿಗೆ ಸಡಿಲವಾಗಬಹುದು. ಮುಕ್ಕಾಲು ಕೆ.ಜಿ. ಆಸುಪಾಸಿನ 6–24 ಸ್ಕೋಪ್ ಮೌಂಟ್ (ಅದನ್ನು ಹಿಡಿದಿಡುವ ಹಿಡಿಕೆ) ಸಮೇತ ರೈಫಲ್‌ನ ಹಳಿಯ ಮೇಲೆ ಹಿಂದಕ್ಕೆ ತೆವಳಿದ್ದನ್ನು ಪೆನ್ಸಿಲ್ ಗುರುತು ಹಾಕಿ ನೋಡಿದ್ದೇನೆ. ಮೌಂಟಿನ ತಡೆಪಿನ್ನನ್ನು ಹಳಿಯ ತೂತಿಗೆ ಇಳಿಸಿದ ಮೇಲಷ್ಟೇ ಅದು ನಿಂತಿತು. ಅರ್ಧ ಕೆ.ಜಿ.ಯ 4–12ಕ್ಕೆ ಅಷ್ಟು ಪಾಡು ಬೇಕಾಗಲಿಲ್ಲ, ಪಿನ್ ಇದ್ದರೆ ಒಳ್ಳೆಯದೇ.

ಮಳೆಗಾಲದ ಮಟ್ಟಿಗೆ ಎರಡೂ ಸಮ. ಎರಡರೊಳಗೂ ಸಾರಜನಕ ತುಂಬಿರುವುದರಿಂದ ಒಳಮಸೂರದಲ್ಲಿ ಮಂಜು ಕಟ್ಟಲಿಲ್ಲ. ಎ.ಸಿ. ಕಾರಿನಿಂದ ಹೊರತೆಗೆದ ಕೂಡಲೇ ಹೊರಗಾಜಿನಲ್ಲಿ ಕಟ್ಟುವ ಮಂಜಿಗೆ ಯಾವ ಅನಿಲವೂ ಮದ್ದಲ್ಲ, ಗಾಜು ಬಿಸಿಯಾಗುವವರೆಗೆ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡದಿದ್ದರೆ ಮಸೂರಕ್ಕೆ ಬೂಷ್ಟು ಹಿಡಿಯುವ ಭಯ ಇದ್ದೇ ಇದೆ, ಮೌಂಟಿನ ಸ್ಕ್ರೂಗಳು ತುಕ್ಕು ಹಿಡಿಯುವುದು ಅದಕ್ಕಿಂತ ಬೇಗ.

ಸ್ಪ್ರಿಂಗ್ ರೈಫಲ್, 50 ಮೀಟರ್ ಒಳಗಿನ ಗುರಿ, ಇಲ್ಲಿನ ಬೆಳಕು ಎಂದಾದರೆ ನಾನು ಆರಿಸುವುದು 4–12×40. 6–24 ಅನ್ನು ಮಾರುವುದಿಲ್ಲ. ಒದೆತವೇ ಇಲ್ಲದಂತಿರುವ ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ) ರೈಫಲ್‌ಗೆ ಅದನ್ನು ವರ್ಗಾಯಿಸಿದ್ದೇನೆ, ಅಲ್ಲಿ ಬೆಳಗಿನ ಹೊತ್ತು 14 ಪಟ್ಟಿನಲ್ಲಿ ಅದರ ಟರೆಟ್‌ಗಳು ಹಾಕಿದ ದುಡ್ಡಿಗೆ ತಕ್ಕ ಕೆಲಸ ಮಾಡುತ್ತಿವೆ.